ಉಣ್ಣುವ ಮೊದಲು ಹೊಲ ನೋಡು

ಕೇಳು ಮಗ, ಬೆಂಗಳೂರಿನ ಗೆಳೆಯರನ್ನು ಕಟ್ಟಿಕೊಂಡು ನಮ್ಮ ಕಡೆ ಬರ್ತೀಯಂತೆ. ಸಂತೋಷ. ನಾಗರಹೊಳೆಯಲ್ಲಿ ಹುಲಿ ಕಾಣೋದು ಬಿಡೋದು ನಿಮ್ಮ ಅದೃಷ್ಟ. ಊಟವನ್ನು ಮಾತ್ರ ಅದೃಷ್ಟಕ್ಕೆ ಬಿಡಬೇಡ. ಇಷ್ಟು ದೂರ ಬಂದು ಹೆದ್ದಾರಿ ಪಕ್ಕದಲ್ಲಿ ಗೋಬಿ ಮಂಚೂರಿ ತಿಂದು ಹೋದರೆ ಬಸ್ ಚಾರ್ಜೂ ದಂಡ. ಹುಣಸೂರನ್ನು ನಡುವೆ ಇಟ್ಟುಕೊಂಡು ಪಿರಿಯಾಪಟ್ಟಣ, ಕೆ.ಆರ್.ನಗರ, ಎಚ್.ಡಿ.ಕೋಟೆ ಒಂದಕ್ಕೊಂದು ಹತ್ತಿರವೇ ಇವೆ. ಆದರೂ ನೆಲ ಬೇರೆ, ನೀರು ಬೇರೆ, ತಟ್ಟೆಯೂ ಬೇರೆ. ಅದಕ್ಕೇ ಹೇಳ್ತೀನಿ, ಮೊದಲು ಕಿಟಕಿಯಿಂದ ಹೊಲ ನೋಡು, ಆಮೇಲೆ ಊಟ ಕೇಳು.

ಹುಣಸೂರು, ಪಿರಿಯಾಪಟ್ಟಣದ ಕೆಂಪು ನೆಲದಲ್ಲಿ ಕಣ್ಣಿಗೆ ಬೀಳುವುದು ಹೊಗೆಸೊಪ್ಪು, ಅದನ್ನು ಹದ ಮಾಡುವ ಬ್ಯಾರನ್‌ಗಳು. ಹೊಗೆಸೊಪ್ಪು ಕೈಗೆ ದುಡ್ಡು ಕೊಟ್ಟೀತು, ಹೊಟ್ಟೆಗೆ ಮಾತ್ರ ರಾಗಿಯೇ. ಯಾರದಾದರೂ ಮನೆಯಲ್ಲಿ ಮುದ್ದೆ ಮಾಡುತ್ತಿದ್ದರೆ ಒಲೆ ಹತ್ತಿರ ನಿಂತು ನೋಡು. ಕುದಿಯುವ ಎಸರಿಗೆ ಹಿಟ್ಟು ಸುರಿದು, ಕಲಕದೆ, ಗುಡ್ಡೆಯ ನಡುವೆ ಕೋಲಿನಿಂದ ತೂತು ಮಾಡಿ ಬೇಯಲು ಬಿಡುತ್ತಾರೆ. ಬೆಂದ ಮೇಲೆ ಪಾತ್ರೆಯನ್ನು ಕಾಲಿನಿಂದ ಒತ್ತಿ ಹಿಡಿದು, ಒಂದು ಗಂಟೂ ಉಳಿಯದಂತೆ ತೊಳಸಿ, ಮಣೆಯ ಮೇಲೆ ಒದ್ದೆ ಕೈಯಲ್ಲಿ ಕಟ್ಟುತ್ತಾರೆ. ತೋಳಿನ ಕಸುವು ಬೇಡುವ ಕೆಲಸ ಅದು. ನಿನ್ನ ಗೆಳೆಯರಿಗೆ ಅಗಿಯಬೇಡಿ ಅಂತ ಮೊದಲೇ ಹೇಳು. ಚೂರು ಮುರಿದು, ಸಾರಿನಲ್ಲಿ ಅದ್ದಿ, ನುಂಗಬೇಕು. ಅಭ್ಯಾಸವಿಲ್ಲದವರು ಅರ್ಧ ಮುದ್ದೆ ಕೇಳಲಿ, ನಾಚಿಕೆ ಬೇಡ. ಪೂರ್ತಿ ಹಾಕಿಸಿಕೊಂಡು ಬಿಟ್ಟೇಳುವುದೇ ನಾಚಿಕೆ.

ಸಾರು ಯಾವುದು ಅನ್ನುವುದನ್ನು ಕಾಲವೇ ಹೇಳುತ್ತದೆ. ಮಳೆ ಬಿದ್ದು ಸೊಪ್ಪು ಚಿಗುರಿದ್ದರೆ ಬಸ್ಸಾರು: ಸೊಪ್ಪು, ಕಾಳು ಬೇಯಿಸಿ ಬಸಿದ ಕಟ್ಟು ಸಾರಾಗುತ್ತದೆ, ಉಳಿದದ್ದು ಪಲ್ಯ. ಉಪ್ಪುಸಾರಿನಲ್ಲಿ ಬಸಿದ ಕಟ್ಟಿಗೆ ಉಪ್ಪಷ್ಟೇ, ರುಚಿಯೆಲ್ಲ ಪಕ್ಕಕ್ಕಿಟ್ಟ ಖಾರದ್ದು. ಆ ಖಾರವನ್ನು ಚಟ್ನಿ ಅಂದುಕೊಂಡು ಬಾಯಿ ತುಂಬ ಹಾಕಿಕೊಂಡೀಯೆ, ಜೋಕೆ. ಪುಷ್ಯದ ಚಳಿಯಲ್ಲಿ ಬಂದರೆ ಬೇರೆ ಏನೂ ಕೇಳಬೇಡ. ಇಬ್ಬನಿ ಬಿದ್ದ ಅವರೆಯ ಸೊಗಡು ಕೈಗೆ ಅಂಟಿದರೆ ತೊಳೆದರೂ ಹೋಗುವುದಿಲ್ಲ. ನೆನೆಸಿ, ಸಿಪ್ಪೆ ಹಿದುಕಿ ಮಾಡಿದ ಹಿದಕಬೇಳೆ ಸಾರು ಬೇಸಿಗೆಯಲ್ಲಿ ಎಷ್ಟು ದುಡ್ಡು ಕೊಟ್ಟರೂ ಆ ರುಚಿಗೆ ಬಾರದು.

ಕೆ.ಆರ್.ನಗರದ ಕಡೆ ತಿರುಗಿದರೆ ನಾಲೆ, ಗದ್ದೆ. ಕಾವೇರಿ ಚುಂಚನಕಟ್ಟೆಯಲ್ಲಿ ಧುಮುಕುವ ಸೀಮೆ ಅದು, ಅಲ್ಲಿ ಅಕ್ಕಿಯದೇ ಕಾರುಬಾರು. ಅಕ್ಕಿರೊಟ್ಟಿ, ಕಡುಬು ತಿನ್ನು. ಹಬ್ಬದ ದಿನವಾದರೆ ಒತ್ತುಶಾವಿಗೆ, ಕಾಯಿಹಾಲು ಸಿಗುತ್ತದೆ. ಶಾವಿಗೆ ಒರಳು ಒತ್ತಲು ನೀನೂ ಒಂದು ಕೈ ಹಾಕು. ಆಲೆಮನೆ ಕಂಡರೆ ನಿಲ್ಲು. ನಿಂಬೆಹಣ್ಣು ಹಿಂಡಿದ ಕಬ್ಬಿನಹಾಲು ಕುಡಿ, ಕೊಪ್ಪರಿಗೆಯ ಪಾಕ ಅಚ್ಚಿಗೆ ಇಳಿಯುವ ಮುಂಚೆ ಎಲೆಯ ಮೇಲೆ ಒಂದಿಷ್ಟು ಬಿಸಿ ಬೆಲ್ಲ ಹಾಕಿಸಿಕೋ. ಬೆಲ್ಲ ಕೊಳ್ಳುವಾಗ ತೀರಾ ಹಳದಿ ಬಣ್ಣದ್ದಕ್ಕೆ ಮರುಳಾಗಬೇಡ, ಕಂದು ಬೆಲ್ಲವೇ ಇರಲಿ.

ಕೋಟೆ ಕಡೆ ಕಾಡು, ಹಿನ್ನೀರು. ಬೀಚನಹಳ್ಳಿಯ ಕಬಿನಿ ಅಣೆಕಟ್ಟು 1974ರದು. ಹಿನ್ನೀರಿನ ಮೀನು ಬೆಳಿಗ್ಗೆ ಬಲೆಯಿಂದ ಬಂದಿದ್ದರೆ ಹುಳಿ ಮುಂದಾಗಿ ಮಾಡಿದ ಸಾರಿಗೂ ಮುದ್ದೆಗೂ ಒಳ್ಳೇ ಜೋಡಿ. ಮುಂಗಾರಿನಲ್ಲಿ ಕಳಲೆ ಬರುತ್ತದೆ. ಎಳೆ ಬಿದಿರಲ್ಲವೇ ಅಂತ ಹಸಿಯಾಗಿ ಬಾಯಿಗೆ ಹಾಕೀಯೆ, ಅದರಲ್ಲಿ ವಿಷದ ಅಂಶವಿದೆ. ಹೆಚ್ಚಿ, ದಿನಾ ನೀರು ಬದಲಿಸಿ ನೆನೆಸಿ, ಚೆನ್ನಾಗಿ ಬೇಯಿಸಿದ್ದನ್ನೇ ತಿನ್ನಬೇಕು. ನೀನೇ ಕಾಡಿಗೆ ನುಗ್ಗಿ ಮುರಿಯುವ ಸಾಹಸವಂತೂ ಬೇಡವೇ ಬೇಡ, ಅದು ಹುಲಿ ಸಂರಕ್ಷಿತ ಪ್ರದೇಶ. ಜೇನು ಬೇಕಿದ್ದರೆ ಗಿರಿಜನರ ಲ್ಯಾಂಪ್ಸ್ ಸಹಕಾರ ಸಂಘದಲ್ಲಿ ವಿಚಾರಿಸು. ಎತ್ತರದ ಮರದ ಹೆಜ್ಜೇನನ್ನು ಕತ್ತಲಲ್ಲಿ ಹತ್ತಿ ಇಳಿಸುವ ಜೇನುಕುರುಬರ ಹತ್ತಿರ ಚೌಕಾಸಿಗೆ ಇಳಿಯಬೇಡ.

ಟಿಬೆಟಿಯನ್ನರು ನೆಲೆಸಿರುವ ಬೈಲಕುಪ್ಪೆಗೆ ಹೋಗೇ ಹೋಗ್ತೀರಿ, ಚಿನ್ನದ ದೇವಸ್ಥಾನ ನೋಡದೆ ಹುಡುಗರು ಯಾರು ತಿರುಗುತ್ತಾರೆ? ಅಲ್ಲಿ ತುಕ್ಪಾ ಕುಡಿ, ಹಬೆಯಲ್ಲಿ ಬೆಂದ ಮೊಮೊ, ಪದರುಪದರಾದ ಟಿಂಗ್ಮೊ ತಿನ್ನು. ಬೆಣ್ಣೆ ಟೀ ಮಾತ್ರ ಸಿಹಿ ಅಂದುಕೊಂಡು ಬಾಯಿಗಿಡಬೇಡ, ಅದು ಉಪ್ಪಿನದು. ಟೀ ಅಂದುಕೊಂಡರೆ ಮುಖ ಸಿಂಡರಿಸುತ್ತೀಯ, ಸಾರು ಅಂದುಕೊಂಡರೆ ಇಳಿಯುತ್ತದೆ. ಹುರಿದ ಬಾರ್ಲಿಯ ಹಿಟ್ಟು ತ್ಸಂಪಾವನ್ನು ಅವರು ಅದೇ ಟೀಯಲ್ಲಿ ಕಲಸಿ ಉಂಡೆ ಮಾಡುತ್ತಾರೆ. ನಾವು ರಾಗಿ ಹುರಿಹಿಟ್ಟನ್ನು ಬೆಲ್ಲ, ಹಾಲು ಹಾಕಿ ಕಲಸುವುದಿಲ್ಲವೇ? ಇದು ನಮ್ಮೂರ ಊಟವಲ್ಲ ಅಂತ ಯಾರಾದರೂ ಮೂಗು ಮುರಿದರೆ ಒಪ್ಪಬೇಡ. 1961ರಿಂದ ಅವರು ಇದೇ ಮಣ್ಣು ಉತ್ತು ಮುಸುಕಿನ ಜೋಳ ಬೆಳೆದಿದ್ದಾರೆ. ಜಪಾನಿನ ನಾಗಸಾಕಿ ಬಂದರಿನ ಹೆಸರಾಂತ ಚಂಪೋನ್ ಶಾವಿಗೆಯೂ 1899ರ ಸುಮಾರಿಗೆ ಚೀನಾದಿಂದ ಬಂದ ಅಡುಗೆಯವನೊಬ್ಬ ತನ್ನ ದೇಶದ ಬಡ ವಿದ್ಯಾರ್ಥಿಗಳಿಗಾಗಿ ಮಾಡಿದ್ದು. ಈಗ ಆ ಊರಿಗೆ ಹೋದವರೆಲ್ಲ ಅದನ್ನೇ ಕೇಳುತ್ತಾರೆ. ಮೂರು ತಲೆಮಾರು ಬೇಯಿಸಿ ಬಡಿಸಿದ ಮೇಲೆ ಅದು ಆ ನೆಲದ ಊಟವೇ.

ಕೊನೆಗೆ ಒಂದು ಮಾತು. ಬಿಸಿಲಲ್ಲಿ ಬಣ್ಣದ ನೀರಿನ ಬಾಟಲಿ ಹುಡುಕಬೇಡ. ಯಾರ ಮನೆ ಜಗಲಿಯಲ್ಲಿ ಕೂತರೂ ಮಜ್ಜಿಗೆಯೋ ಅಂಬಲಿಯೋ ಬರುತ್ತದೆ, ಬೇಡ ಅನ್ನಬೇಡ. ಊಟದ ಹೊತ್ತಿಗೆ ಹಸಿದು ಹೋಗು. ಹೋಟೆಲಿನಲ್ಲಿ ಮೆನು ಕಾರ್ಡ್ ಪಕ್ಕಕ್ಕಿಟ್ಟು, ಬಡಿಸುವವರನ್ನೇ ‘ಇವತ್ತು ಏನು ಸಾರು ಮಾಡಿದ್ದೀರಕ್ಕ?’ ಅಂತ ಕೇಳು. ಮೆನುವಿನಲ್ಲಿರುವುದು ವರ್ಷವಿಡೀ ಎಲ್ಲ ಊರಲ್ಲೂ ಸಿಗುತ್ತದೆ. ಆಕೆ ಹೇಳುವ ಸಾರು ಆ ವಾರ, ಆ ಊರಲ್ಲಿ ಮಾತ್ರ.