ರಕ್ತದಾನಿಗಳ ಯಾದಿ: ಜಾಲತಾಣಕ್ಕೊಂದು ಅರ್ಜಿ ನಮೂನೆಯನ್ನು ರಚಿಸುವ ಬಗೆ

ಹುಟ್ಟೂರನ್ನು ಬಿಟ್ಟು ಮಹಾನಗರಗಳಲ್ಲಿ ನೆಲೆಸಿದ ನಮ್ಮವರಿಗೆ ಕಷ್ಟಕಾಲದಲ್ಲಿ ಒದಗುವ ಬಂಧುವರ್ಗವೆಂದರೆ ಕನ್ನಡ ಸಂಘವೇ. ಸದಸ್ಯರೊಬ್ಬರಿಗೆ ತುರ್ತಾಗಿ ರಕ್ತ ಬೇಕೆಂಬ ಕರೆ ಆಸ್ಪತ್ರೆಯಿಂದ ಬಂದಾಗ, ಸಂಘದ ಕಾರ್ಯದರ್ಶಿಗಳು ಹಳೆಯ ವಹಿಯೊಂದನ್ನು ತೆರೆದು, ಮನೆ ಬದಲಿಸಿದವರ ಹಾಗೂ ದೂರವಾಣಿ ಬದಲಿಸಿದವರ ಹೆಸರುಗಳ ನಡುವೆ ಹುಡುಕಾಡಬೇಕಾದ ಪ್ರಸಂಗ ಬರಬಾರದು. ಸಂಘಕ್ಕೆ ಸ್ವಂತ ಜಾಲತಾಣವಿದ್ದಲ್ಲಿ, ದಾನಿಗಳು ಮನೆಯಲ್ಲೇ ಕುಳಿತು ತಮ್ಮ ವಿವರಗಳನ್ನು ತುಂಬಬಹುದಾದ ಅರ್ಜಿ ನಮೂನೆಯನ್ನು, ಅಂದರೆ ಫಾರ್ಮನ್ನು, ಅದರಲ್ಲಿ ಸೇರಿಸುವುದು ಕಠಿಣವಲ್ಲ. ಅದರ ರಚನಾಕ್ರಮವನ್ನು ಸಾಮಾನ್ಯ ವಾಚಕರಿಗೆ ತಿಳಿಯುವಂತೆ ವಿವರಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಬ್ಯಾಂಕಿನ ವ್ಯವಹಾರದಲ್ಲಿರುವವರಿಗೆ ಒಂದು ಮಾತು ಅನುಭವಸಿದ್ಧ. ಗ್ರಾಹಕರು ತಪ್ಪು ಬರೆದರೆಂದು ನಾವು ದೂರುವ ಎಷ್ಟೋ ಸಂದರ್ಭಗಳಲ್ಲಿ ದೋಷವಿರುವುದು ಚಲನ್ನಿನಲ್ಲಿ. ಕೇಳುವ ರೀತಿ ಸರಿಯಾಗಿದ್ದರೆ ಉತ್ತರವೂ ಸರಿಯಾಗಿ ಬರುತ್ತದೆ. ಈ ತತ್ತ್ವವನ್ನು ನೆನಪಿನಲ್ಲಿಟ್ಟುಕೊಂಡೇ ಮುಂದುವರಿಯೋಣ.

ಎಚ್‌ಟಿಎಂಎಲ್ ಎಂದರೇನು?

ಜಾಲಪುಟಗಳನ್ನು ಬರೆಯುವ ಸಂಕೇತಭಾಷೆಯೇ ಎಚ್‌ಟಿಎಂಎಲ್. ಜಿನೀವಾ ಬಳಿಯ ಸರ್ನ್ ಸಂಶೋಧನಾ ಸಂಸ್ಥೆಯಲ್ಲಿದ್ದ ಟಿಮ್ ಬರ್ನರ್ಸ್-ಲೀ ಅವರು 1989ರಲ್ಲಿ ವಿಶ್ವವ್ಯಾಪಿ ಜಾಲದ ಯೋಜನೆಯನ್ನು ಮುಂದಿಟ್ಟರು. 1995ರಲ್ಲಿ ಪ್ರಕಟವಾದ ಈ ಭಾಷೆಯ ಎರಡನೆಯ ಆವೃತ್ತಿಯ ನಿಯಮಗಳಲ್ಲಿ ಅರ್ಜಿ ನಮೂನೆಗೂ ಸ್ಥಾನ ದೊರೆಯಿತು. 2014ರಲ್ಲಿ ಅಧಿಕೃತ ಶಿಫಾರಸಾಗಿ ಹೊರಬಂದ ಐದನೆಯ ಆವೃತ್ತಿಯು ದಿನಾಂಕ, ದೂರವಾಣಿ, ಮಿಂಚಂಚೆ ಮುಂತಾದವುಗಳಿಗೆ ಪ್ರತ್ಯೇಕ ಬಗೆಯ ಚೌಕಗಳನ್ನು ಒದಗಿಸಿತು.

ಅಭ್ಯಾಸಕ್ಕೆ ಬೇಕಾದ ಸಲಕರಣೆ ಅಲ್ಪ. ಗಣಕಯಂತ್ರದಲ್ಲಿರುವ ನೋಟ್‌ಪ್ಯಾಡಿನಂಥ ಸರಳ ಬರವಣಿಗೆಯ ಸಾಧನ ಹಾಗೂ ಒಂದು ಬ್ರೌಸರ್ ಇದ್ದರೆ ಸಾಕು. ಸಂಕೇತಪದಗಳನ್ನು ಆಂಗ್ಲ ಲಿಪಿಯಲ್ಲಿ, ಕೋನಾಕಾರದ ಆವರಣಗಳೊಳಗೆ ಬರೆಯಬೇಕು. ಇವುಗಳಿಗೆ ಟ್ಯಾಗ್ ಎಂದು ಹೆಸರು. ಸದಸ್ಯರು ಓದುವ ಪ್ರಶ್ನೆಗಳನ್ನಾದರೋ ಕನ್ನಡದಲ್ಲೇ ಬರೆಯಬಹುದು. ಕನ್ನಡ ಅಕ್ಷರಗಳು ಕೆಡದಂತೆ ಕಡತವನ್ನು ಯುಟಿಎಫ್-8 ಪದ್ಧತಿಯಲ್ಲಿ ಉಳಿಸಿ, ಪುಟದ ಆರಂಭದಲ್ಲಿ ಅದನ್ನು ನಮೂದಿಸುವುದು ಅವಶ್ಯ.

ಲಕೋಟೆ ಮತ್ತು ವಿಳಾಸ

ಇಡೀ ನಮೂನೆಯನ್ನು ಫಾರ್ಮ್ ಎಂಬ ಟ್ಯಾಗಿನ ಒಳಗೆ ಇಡಬೇಕು. ಅದಕ್ಕೆ ಎರಡು ಮುಖ್ಯ ಗುಣಗಳನ್ನು ಕೊಡಲಾಗುತ್ತದೆ. ಆಕ್ಷನ್ ಎಂಬುದು ತುಂಬಿದ ಉತ್ತರಗಳು ಹೋಗಿ ಸೇರಬೇಕಾದ ವಿಳಾಸ. ಮೆಥಡ್ ಎಂಬುದು ಅವು ಹೋಗುವ ಕ್ರಮ. ಈ ಕ್ರಮಗಳಲ್ಲಿ ಗೆಟ್ ಮತ್ತು ಪೋಸ್ಟ್ ಎಂಬ ಎರಡು ಬಗೆಗಳು ಬಳಕೆಯಲ್ಲಿವೆ. ಗೆಟ್ ಕ್ರಮದಲ್ಲಿ ಉತ್ತರಗಳೆಲ್ಲ ಜಾಲವಿಳಾಸದ ಬಾಲಕ್ಕೆ ಅಂಟಿಕೊಂಡು, ಅಂಚೆ ಕಾರ್ಡಿನ ಒಕ್ಕಣೆಯಂತೆ ಎಲ್ಲರಿಗೂ ಕಾಣುತ್ತವೆ. ಬ್ರೌಸರಿನ ಇತಿಹಾಸದಲ್ಲಿಯೂ ಉಳಿಯುತ್ತವೆ. ಪೋಸ್ಟ್ ಕ್ರಮವಾದರೋ ಲಕೋಟೆಯಿದ್ದಂತೆ. ಆರೋಗ್ಯಸಂಬಂಧಿ ವಿವರಗಳಿಗೆ ಪೋಸ್ಟ್ ಕ್ರಮವೇ ಯೋಗ್ಯ. ಆದರೆ ಲಕೋಟೆಯೂ ಬೀಗವಲ್ಲ. ದಾರಿಯಲ್ಲಿ ಯಾರೂ ಓದದಂತೆ ಕಾಪಾಡಲು ಜಾಲತಾಣದ ವಿಳಾಸವು ಎಚ್‌ಟಿಟಿಪಿಎಸ್ ಎಂದು ಆರಂಭವಾಗುವ ಸುರಕ್ಷಿತ ವಿಳಾಸವಾಗಿರಬೇಕು.

ಚೌಕಗಳ ವಿಚಾರ

ಒಂದೇ ಸಾಲಿನ ಉತ್ತರಕ್ಕೆ ಇನ್‌ಪುಟ್ ಎಂಬ ಟ್ಯಾಗನ್ನು ಬಳಸುತ್ತಾರೆ. ಪ್ರತಿ ಚೌಕಕ್ಕೂ ನೇಮ್ ಎಂಬ ಗುಣವನ್ನು ಕೊಡಲು ಮರೆಯಬಾರದು. ಲೆಕ್ಕದ ಶೀರ್ಷಿಕೆಯಿಲ್ಲದ ಹಣವನ್ನು ಖಾತೆಗೆ ಜಮಾ ಮಾಡಲಾಗದಂತೆ, ನೇಮ್ ಇಲ್ಲದ ಚೌಕದ ಉತ್ತರವು ಕಳುಹಿಸಲ್ಪಡುವುದೇ ಇಲ್ಲ. ಚೌಕದ ಪಕ್ಕದ ಪ್ರಶ್ನೆಯನ್ನು ಲೇಬಲ್ ಎಂಬ ಟ್ಯಾಗಿನಲ್ಲಿ ಬರೆದು, ಅದರ ಫಾರ್ ಗುಣವನ್ನು ಚೌಕದ ಐಡಿಯೊಡನೆ ಹೊಂದಿಸಬೇಕು. ಆಗ ಪ್ರಶ್ನೆಯ ಮೇಲೆ ಒತ್ತಿದರೂ ಚೌಕ ತೆರೆದುಕೊಳ್ಳುತ್ತದೆ. ದೃಷ್ಟಿಮಾಂದ್ಯವುಳ್ಳವರು ಬಳಸುವ ಓದುಯಂತ್ರವೂ ಪ್ರಶ್ನೆಯನ್ನು ಸರಿಯಾಗಿ ಓದಿ ಹೇಳುತ್ತದೆ. ಚೌಕದೊಳಗೆ ಮಸುಕಾಗಿ ಕಾಣುವ ಸೂಚನೆಯು ಬರೆಯತೊಡಗಿದೊಡನೆ ಮಾಯವಾಗುವುದರಿಂದ ಅದನ್ನು ಲೇಬಲಿನ ಬದಲಿಗೆ ಬಳಸುವುದು ಸಲ್ಲದು.

ಹೆಸರು: ನಮ್ಮಲ್ಲಿ ಕೆಲವರಿಗೆ ಮನೆತನದ ಹೆಸರುಂಟು, ಕೆಲವರಿಗೆ ಊರಿನ ಮತ್ತು ತಂದೆಯ ಹೆಸರಿನ ಮೊದಲಕ್ಷರಗಳಷ್ಟೇ. ಅಡ್ಡಹೆಸರನ್ನು ಕಡ್ಡಾಯ ಮಾಡಿದರೆ ಇಂಥವರು ಏನನ್ನಾದರೂ ಬರೆದು ಪಾರಾಗಬೇಕಾಗುತ್ತದೆ. ಆದುದರಿಂದ 'ಪೂರ್ಣ ಹೆಸರು' ಎಂಬ ಒಂದೇ ಚೌಕ ಸಾಕು.

ದೂರವಾಣಿ ಮತ್ತು ತೂಕ: ಎರಡೂ ಅಂಕಿಗಳೇ ಆದರೂ ಇವುಗಳ ಸ್ವಭಾವ ಬೇರೆ. ತೂಕವು ಪರಿಮಾಣ, ಅದಕ್ಕೆ ನಂಬರ್ ಬಗೆಯ ಚೌಕ ಸರಿ. ನಮ್ಮ ದೇಶದ ನಿಯಮದಂತೆ 350 ಮಿಲಿಲೀಟರ್ ರಕ್ತ ಕೊಡುವವರ ತೂಕ ಕನಿಷ್ಠ 45 ಕಿಲೋಗ್ರಾಂ ಇರಬೇಕಾದ್ದರಿಂದ ಮಿನ್ ಎಂಬ ಗುಣಕ್ಕೆ 45 ಎಂದು ಕೊಡಬಹುದು. ದೂರವಾಣಿ ಸಂಖ್ಯೆಗಳನ್ನು ಯಾರೂ ಕೂಡಿಸಿ ಮೊತ್ತ ತೆಗೆಯುವುದಿಲ್ಲ. ಅದಕ್ಕೆ ಟೆಲ್ ಎಂಬ ಬಗೆಯನ್ನು ಬಳಸಿ, ಹತ್ತು ಅಂಕಿಗಳಿರಬೇಕೆಂಬ ಕಟ್ಟಳೆಯನ್ನು ಪ್ಯಾಟರ್ನ್ ಎಂಬ ಗುಣದಿಂದ ವಿಧಿಸಬೇಕು.

ಜನ್ಮದಿನಾಂಕ: ರಕ್ತದಾನಿಯ ವಯಸ್ಸು 18ರಿಂದ 65ರೊಳಗೆ ಇರತಕ್ಕದ್ದು. ಆದರೂ ನಮೂನೆಯಲ್ಲಿ ವಯಸ್ಸನ್ನು ಕೇಳಬಾರದು. ಇಂದು ಬರೆದ ವಯಸ್ಸು ಮುಂದಿನ ವರ್ಷ ಸುಳ್ಳಾಗುತ್ತದೆ. ಜನ್ಮದಿನಾಂಕ ಮಾತ್ರ ಬದಲಾಗದು. ಅದಕ್ಕೆ ಡೇಟ್ ಬಗೆಯ ಚೌಕವಿದೆ.

ಲಿಂಗ ಮತ್ತು ಹಿಂದಿನ ದಾನದ ದಿನಾಂಕ: ಪುರುಷರು 90 ದಿನಗಳ ಬಳಿಕ, ಮಹಿಳೆಯರು 120 ದಿನಗಳ ಬಳಿಕ ಮತ್ತೆ ರಕ್ತ ಕೊಡಬಹುದೆಂಬ ನಿಯಮವಿರುವುದರಿಂದ ಈ ಎರಡೂ ಪ್ರಶ್ನೆಗಳಿಗೆ ಪ್ರಯೋಜನವುಂಟು. ಹಲವು ಉತ್ತರಗಳಲ್ಲಿ ಒಂದನ್ನೇ ಆರಿಸಲು ರೇಡಿಯೋ ಬಗೆಯ ಗುಂಡಿಗಳನ್ನು ಬಳಸಿ, ಎಲ್ಲಕ್ಕೂ ಒಂದೇ ನೇಮ್ ಕೊಡಬೇಕು. ಮೊದಲ ಬಾರಿಗೆ ದಾನ ಮಾಡುವವರೂ ಇರುವುದರಿಂದ ಹಿಂದಿನ ದಾನದ ದಿನಾಂಕವನ್ನು ಕಡ್ಡಾಯ ಮಾಡಬಾರದು.

ರಕ್ತದ ಗುಂಪು: ಇಲ್ಲಿ ಎಚ್ಚರ ಅಗತ್ಯ

ಗುಂಪುಗಳ ಪಟ್ಟಿಗೆ ಸೆಲೆಕ್ಟ್ ಎಂಬ ಟ್ಯಾಗನ್ನೂ, ಅದರೊಳಗಿನ ಪ್ರತಿಯೊಂದು ಆಯ್ಕೆಗೆ ಆಪ್ಶನ್ ಎಂಬ ಟ್ಯಾಗನ್ನೂ ಬಳಸಬೇಕು. ಇಂಥ ಪಟ್ಟಿಯಲ್ಲಿ ಬೇರೆ ಸೂಚನೆಯಿಲ್ಲದಿದ್ದರೆ ಬ್ರೌಸರು ಮೊದಲ ಆಯ್ಕೆಯನ್ನು ತಾನಾಗಿ ಹಿಡಿದುಕೊಳ್ಳುತ್ತದೆ. ಮೊದಲಿಗೆ 'ಎ ಪಾಸಿಟಿವ್' ಎಂದಿದ್ದರೆ, ಪಟ್ಟಿಯನ್ನು ಮುಟ್ಟದೆ ಮುಂದೆ ಹೋದವರೆಲ್ಲರೂ ಎ ಪಾಸಿಟಿವ್ ಆಗಿ ದಾಖಲಾಗುತ್ತಾರೆ. ಆದುದರಿಂದ ಮೊದಲ ಸಾಲಿನಲ್ಲಿ 'ಆರಿಸಿರಿ' ಎಂದು ಬರೆದು, ಅದರ ಮೌಲ್ಯವನ್ನು ಖಾಲಿ ಬಿಟ್ಟು, ಪಟ್ಟಿಗೆ ರಿಕ್ವೈರ್ಡ್ ಎಂಬ ಗುಣವನ್ನು ಸೇರಿಸಬೇಕು. 'ಗೊತ್ತಿಲ್ಲ' ಎಂಬ ಆಯ್ಕೆಯೂ ಇರಲಿ. ಊಹೆಯ ಉತ್ತರಕ್ಕಿಂತ ಅದು ಎಷ್ಟೋ ಮೇಲು.

ಸಾಮಾನ್ಯವಾದ ಎಂಟು ಗುಂಪುಗಳನ್ನು ಬರೆದ ಮಾತ್ರಕ್ಕೆ ಪಟ್ಟಿ ಪೂರ್ಣವಾಗದು. 1952ರಲ್ಲಿ ಡಾ. ಭೆಂಡೆ ಮತ್ತು ಅವರ ಸಹೋದ್ಯೋಗಿಗಳು ಮುಂಬಯಿಯಲ್ಲಿ ಗುರುತಿಸಿದ, ಆ ನಗರದ ಹೆಸರನ್ನೇ ಹೊತ್ತ 'ಬಾಂಬೆ ರಕ್ತದ ಗುಂಪು' ಅತಿ ವಿರಳವಾದುದು. ಈ ಗುಂಪಿನವರ ಕೆಂಪು ರಕ್ತಕಣಗಳಲ್ಲಿ ಎಚ್ ಎಂಬ ಪ್ರತಿಜನಕ ಇರುವುದಿಲ್ಲ. ಸಾಧಾರಣ ಪರೀಕ್ಷೆಯಲ್ಲಿ ಇವರ ರಕ್ತ 'ಓ' ಗುಂಪಿನಂತೆಯೇ ತೋರುತ್ತದೆ. ಆದರೆ ಓ ಗುಂಪಿನ ರಕ್ತವನ್ನು ಇವರಿಗೆ ಕೊಟ್ಟರೆ ಪ್ರಾಣಾಪಾಯ. ಇವರಿಗೆ ತಮ್ಮದೇ ಗುಂಪಿನವರ ರಕ್ತ ಬೇಕು. ಎಂಟೇ ಆಯ್ಕೆಗಳ ನಮೂನೆಯು ಇಂಥವರನ್ನು 'ಓ' ಎಂದು ಬರೆಯಲು ಒತ್ತಾಯಿಸಿ, ದುರ್ಲಭನಾದ ದಾನಿಯೊಬ್ಬನನ್ನು ನೂರಾರು ಹೆಸರುಗಳ ನಡುವೆ ಕಣ್ಮರೆ ಮಾಡಿಬಿಡುತ್ತದೆ. ಒಂದು ಸಾಲು ಹೆಚ್ಚಿಗೆ ಬರೆದರೆ ತಪ್ಪುವ ಅನರ್ಥವಿದು. ರಕ್ತ ಕೊಡುವ ಮುನ್ನ ಆಸ್ಪತ್ರೆಯವರು ಹೇಗೂ ಹೊಂದಾಣಿಕೆಯ ಪರೀಕ್ಷೆ ಮಾಡುತ್ತಾರೆ. ಆದರೆ ಯಾರನ್ನು ಕರೆಯಬೇಕೆಂಬುದನ್ನು ಹೇಳುವುದು ನಮ್ಮ ಯಾದಿಯೇ.

ಕೇಳಬಾರದ ಪ್ರಶ್ನೆಗಳು

ಉಪಯೋಗವಿಲ್ಲದ ಪ್ರಶ್ನೆಯನ್ನು ಕೇಳದಿರುವುದು ಸೌಜನ್ಯ. ಜಾತಿ, ಆದಾಯ, ಆಧಾರ್ ಸಂಖ್ಯೆಗಳಿಗೆ ಇಲ್ಲಿ ಕೆಲಸವಿಲ್ಲ. ಹಿಂದಿನ ಕಾಯಿಲೆಗಳ ವಿವರವನ್ನು ದಾನದ ಸಮಯದಲ್ಲಿ ವೈದ್ಯರೇ ವಿಚಾರಿಸುತ್ತಾರೆ. 'ತುರ್ತು ಸಂದರ್ಭದಲ್ಲಿ ನನ್ನನ್ನು ಸಂಪರ್ಕಿಸಬಹುದು' ಎಂಬ ಒಪ್ಪಿಗೆಗೆ ಚೆಕ್‌ಬಾಕ್ಸ್ ಇಟ್ಟು, ಅದರಲ್ಲಿ ಮೊದಲೇ ಗುರುತು ಹಾಕದೆ ಬಿಡಬೇಕು. ವಿವರಗಳನ್ನು ಏತಕ್ಕೆ ಬಳಸುತ್ತೇವೆ ಎಂಬುದನ್ನೂ ಪಕ್ಕದಲ್ಲೇ ಬರೆಯಬೇಕು. ವೈಯಕ್ತಿಕ ದತ್ತಾಂಶ ರಕ್ಷಣೆಗಾಗಿ ನಮ್ಮ ಸಂಸತ್ತು 2023ರಲ್ಲಿ ಅಂಗೀಕರಿಸಿದ ಕಾಯಿದೆಯ ಆಶಯವೂ ಇದೇ.

ಎರಡನೆಯ ಸಹಿ

ಬ್ರೌಸರು ಮಾಡುವ ತಪಾಸಣೆ ತುಂಬುವವರ ಅನುಕೂಲಕ್ಕಾಗಿ ಮಾತ್ರ. ಅದನ್ನು ತಪ್ಪಿಸಿ ಉತ್ತರ ಕಳುಹಿಸುವುದು ಸಾಧ್ಯ. ಗುಮಾಸ್ತರು ಬರೆದ ವೋಚರಿಗೆ ಅಧಿಕಾರಿಯ ಸಹಿ ಬೇಕಾಗುವಂತೆ, ಉತ್ತರಗಳು ತಲುಪುವ ಸರ್ವರಿನಲ್ಲಿ ಎರಡನೆಯ ತಪಾಸಣೆ ನಡೆಯಲೇಬೇಕು. ಎಚ್‌ಟಿಎಂಎಲ್ ಪ್ರಶ್ನೆ ಕೇಳಬಲ್ಲದೇ ಹೊರತು ಉತ್ತರವನ್ನು ಕೂಡಿಡಲಾರದು. ಆ ಕೆಲಸಕ್ಕೆ ಪಿಎಚ್‌ಪಿಯಂಥ ಭಾಷೆಯ ಕ್ರಮವಿಧಿ ಬೇಕು. ಅದಕ್ಕೆ ಬಲ್ಲವರ ನೆರವು ಪಡೆಯುವುದು ಕ್ಷೇಮ.

ನಮೂನೆ ಸಿದ್ಧವಾದ ಮೇಲೆ ಸಂಘದ ಹಿರಿಯ ಸದಸ್ಯರೊಬ್ಬರ ಕೈಗೆ ಅವರದೇ ಮೊಬೈಲಿನಲ್ಲಿ ಅದನ್ನು ತೆರೆದುಕೊಟ್ಟು, ಏನನ್ನೂ ಹೇಳಿಕೊಡದೆ ಸುಮ್ಮನೆ ನೋಡಬೇಕು. ಅವರು ಎಲ್ಲಿ ತಡೆದು ನಿಲ್ಲುವರೋ ಅಲ್ಲಿ ತಿದ್ದಬೇಕಾದದ್ದು ನಮ್ಮ ಪ್ರಶ್ನೆಯನ್ನು. ಕೊನೆಯಲ್ಲಿ ಒತ್ತುವ ಗುಂಡಿಯ ಮೇಲೆ 'ಸಬ್ಮಿಟ್' ಎಂಬುದಕ್ಕಿಂತ 'ನನ್ನ ಹೆಸರನ್ನು ಸೇರಿಸಿರಿ' ಎಂದಿದ್ದರೆ ಎಲ್ಲರಿಗೂ ಅರ್ಥವಾಗುತ್ತದೆ.

ಸಂಘದ ತರುಣ ಸದಸ್ಯರು ಒಂದು ಭಾನುವಾರವನ್ನು ಈ ಕೆಲಸಕ್ಕೆ ಮೀಸಲಿಟ್ಟರೆ ನಮೂನೆಯ ಕರಡು ಸಿದ್ಧವಾದೀತು. ಆ ಬಳಿಕ ವರ್ಷಕ್ಕೊಮ್ಮೆ ದಾನಿಗಳಿಗೆ ಕರೆಮಾಡಿ ವಿವರಗಳನ್ನು ತಾಳೆ ನೋಡುವ ಹೊಣೆಯನ್ನು ಒಬ್ಬರು ವಹಿಸಿಕೊಳ್ಳಲಿ. ಅಪರಾತ್ರಿಯಲ್ಲಿ ಯಾದಿಯನ್ನು ತೆರೆಯುವವರಿಗೆ ಹೆಸರುಗಳ ಸಂಖ್ಯೆ ಮುಖ್ಯವಲ್ಲ. ಕರೆದರೆ ಓಗೊಡುವ, ಗುಂಪು ಸರಿಯಾಗಿ ಬರೆದಿರುವ ಒಂದು ಹೆಸರು ಸಿಕ್ಕರೆ ಸಾಕು.