ಆಪ್ ಆರ್ಟ್, ಚಲನ ಕಲೆ ಮತ್ತು ಡಂಬಳದ ನಕ್ಷತ್ರ

ಪರೀಕ್ಷೆಯಲ್ಲಿ ಅಂಕ ಕಳೆದುಕೊಳ್ಳುವುದು ಈ ವ್ಯತ್ಯಾಸದಲ್ಲೇ: ಆಪ್ ಆರ್ಟ್‌ನಲ್ಲಿ ಚಿತ್ರ ನಿಶ್ಚಲ, ಅಲುಗಾಟ ಕಣ್ಣಿನದು, ಚಲನ ಕಲೆಯಲ್ಲಿ ಕೃತಿಯೇ ಚಲಿಸುತ್ತದೆ. ಬ್ರಿಜೆಟ್ ರೈಲಿಯ ‘ಮೂವ್‌ಮೆಂಟ್ ಇನ್ ಸ್ಕ್ವೇರ್ಸ್’ (1961) ಮೊದಲ ಬಗೆ. ಅದರ ಕಪ್ಪು-ಬಿಳಿ ಚೌಕಗಳು ಕಿರಿದಾಗುತ್ತ ಹೋದಂತೆ ಸಪಾಟು ಮೇಲ್ಮೈ ಮಡಚಿಕೊಂಡಂತೆ ಕಾಣುತ್ತದೆ. ಶಿಲ್ಪಿ ಕಾಲ್ಡರ್‌ನ, ಗಾಳಿಗೆ ತಿರುಗುವ ‘ಮೊಬೈಲ್’ಗಳು ಎರಡನೆಯ ಬಗೆ. ಪ್ರದರ್ಶನಗಳಲ್ಲಿ 1955ರ ‘ಲ ಮೂವ್‌ಮಾಂ’ ಪ್ಯಾರಿಸ್ಸಿನದು, 1965ರ ‘ದ ರೆಸ್ಪಾನ್ಸಿವ್ ಐ’ ನ್ಯೂಯಾರ್ಕಿನದು, ಅದಲುಬದಲಾಗದಿರಲಿ.

ಮೂರನೆಯದೂ ಇದೆ, ನೋಡುಗ ನಡೆದಾಗ ಹುಟ್ಟುವ ಚಲನೆ. ಅದನ್ನು ನೋಡಲು ಇಲ್ಲಿನ ಅಭ್ಯರ್ಥಿಗೆ ಪ್ಯಾರಿಸ್ಸಿಗಿಂತ ಗದಗ ಜಿಲ್ಲೆ ಹತ್ತಿರ. ಡಂಬಳದ ದೊಡ್ಡಬಸಪ್ಪ ಗುಡಿ ಕಲ್ಯಾಣ ಚಾಲುಕ್ಯರ ಕಾಲದ್ದು, 12ನೇ ಶತಮಾನ. ಗರ್ಭಗುಡಿಯ ಹೊರಗೋಡೆ 24 ಮೂಲೆಗಳ ನಕ್ಷತ್ರ: ಒಂದೇ ಕೇಂದ್ರದ ಮೇಲೆ 15 ಡಿಗ್ರಿಯಂತೆ ತಿರುಗಿಸಿದ ಆರು ಚೌಕಗಳು. ಸುತ್ತು ಬಂದರೆ ಒಂದು ಮೂಲೆ ಮುಂದೆ ಬರುವಷ್ಟರಲ್ಲಿ ಹಿಂದಿನದು ಮರೆಯಾಗಿ, ಕಲ್ಲಿನ ಗೋಡೆಯೇ ಹೊರಳಿದಂತಾಗುತ್ತದೆ. ಇದನ್ನು ಆಪ್ ಆರ್ಟ್ ಎನ್ನಬಹುದೇ ಎಂಬ ಆಕ್ಷೇಪ ಸರಿಯಾದದ್ದೇ. ಆ ಹೆಸರು ಬಳಕೆಗೆ ಬಂದದ್ದು 1964ರಲ್ಲಿ, ಗುಡಿ ಕಟ್ಟಿದ್ದು ಪೂಜೆಗೆ. ಉತ್ತರಪತ್ರಿಕೆಯಲ್ಲಿ ಹಾಗೆ ಬರೆಯಬೇಡಿ. ಆದರೆ ಚಳವಳಿ ಬೇರೆ, ತತ್ತ್ವ ಬೇರೆ. ವೆನೆಜುವೆಲಾದ ಕಲಾವಿದ ಸೋಟೊ ಗೆರೆಗಳ ಮುಂದೆ ಸರಳುಗಳನ್ನು ತೂಗುಹಾಕಿ ಪಡೆದ ಕಂಪನವೂ ನೋಡುಗ ಅತ್ತಿತ್ತ ಸರಿದಾಗಲೇ ಹೆಚ್ಚು ಎದ್ದು ಕಾಣುವುದು.