ನವರಂಗ ಬಂದಿದೆ, ಪೊರಕೆ ಕೆಳಗಿಡಿ

ಅಕ್ಟೋಬರ್ ಬಂತೆಂದರೆ ಬೆಂಗಳೂರಿನಲ್ಲಿ ಒಂದೇ ಬಗೆಯ ಫೋಟೊ ಮೊಬೈಲಿನಿಂದ ಮೊಬೈಲಿಗೆ ಹರಿದಾಡತೊಡಗುತ್ತದೆ. ಯಾರದೋ ಬಾಲ್ಕನಿಯ ಮೂಲೆಯಲ್ಲಿ, ಕಾರು ನಿಲ್ಲಿಸುವ ಜಾಗದಲ್ಲಿ, ಇಲ್ಲವೇ ಹಿತ್ತಿಲ ಬಟ್ಟೆ ಒಗೆಯುವ ಕಲ್ಲಿನ ಹಿಂದೆ, ಮೈತುಂಬ ಬಣ್ಣ ತುಂಬಿಕೊಂಡ ಗುಂಡನೆಯ ಹಕ್ಕಿಯೊಂದು ಮುದುರಿ ಕೂತಿರುತ್ತದೆ. ‘ಇದು ಮಿಂಚುಳ್ಳಿಯಾ? ಯಾರದ್ದಾದರೂ ಪಂಜರದಿಂದ ತಪ್ಪಿಸಿಕೊಂಡು ಬಂದಿದೆಯಾ?’ ಎಂಬ ಪ್ರಶ್ನೆ ಜೊತೆಗೇ ಬರುತ್ತದೆ. ಎರಡೂ ಅಲ್ಲ. ಅದು ನವರಂಗ, ಇಂಗ್ಲಿಷಿನವರ ಇಂಡಿಯನ್ ಪಿಟ್ಟಾ.

ಮಳೆಗಾಲದಲ್ಲಿ ಈ ಹಕ್ಕಿ ಹಿಮಾಲಯದ ತಪ್ಪಲಿನಲ್ಲಿ, ಮಧ್ಯ ಭಾರತದ ಗುಡ್ಡಗಾಡಿನಲ್ಲಿ, ಪಶ್ಚಿಮಘಟ್ಟದಲ್ಲಿ ನಮ್ಮ ರಾಜ್ಯದವರೆಗೂ ಗೂಡು ಕಟ್ಟಿ ಮರಿ ಮಾಡುತ್ತದೆ. ಮಳೆ ಹಿಂದೆ ಸರಿದಂತೆ ದಕ್ಷಿಣಕ್ಕೆ ಹೊರಡುತ್ತದೆ. ತಮಿಳುನಾಡು, ಕೇರಳ, ಶ್ರೀಲಂಕಾದವರೆಗೂ ಹೋಗಿ, ಏಪ್ರಿಲ್-ಮೇ ಹೊತ್ತಿಗೆ ಉತ್ತರಕ್ಕೆ ಮರಳುತ್ತದೆ. ಪ್ರಯಾಣವೆಲ್ಲ ರಾತ್ರಿ. ಮೈತೂಕ ಐವತ್ತು-ಅರವತ್ತು ಗ್ರಾಮಿನ ಆಸುಪಾಸು, ಮೂತಿಯಿಂದ ಬಾಲದ ತುದಿಗೆ 19 ಸೆಂ.ಮೀ. ಇಷ್ಟು ಪುಟ್ಟ ಜೀವ ರಾತ್ರಿಯೆಲ್ಲ ಹಾರಿ ಬಳಲಿ ಬೆಳಗಿನ ಜಾವ ಎಲ್ಲಿ ನೆರಳು ಕಂಡರೆ ಅಲ್ಲಿ ಇಳಿಯುತ್ತದೆ. ಆ ನೆರಳು ನಿಮ್ಮ ಮನೆಯದೂ ಆಗಬಹುದು. ಕೆಲವು ಹಕ್ಕಿಗಳು ಒಂದೆರಡು ದಿನ ದಣಿವಾರಿಸಿಕೊಂಡು ಮುಂದೆ ಹೋಗುತ್ತವೆ. ಜಾಗ ಹಿಡಿಸಿದರೆ ಕೆಲವು ಚಳಿಗಾಲವಿಡೀ ಅಲ್ಲೇ ಉಳಿಯುವುದೂ ಉಂಟು.

ಹಕ್ಕಿ ಬಂದಿತೆಂದರೆ ನಮಗೆ ಮೊದಲು ಹೊಳೆಯುವುದು ಏನಾದರೂ ತಿನ್ನಲು ಕೊಡುವುದು. ನವರಂಗಕ್ಕೆ ಅದು ಬೇಡ. ಅದಕ್ಕಾಗಿ ನೀವು ಮಾಡಬೇಕಾದ ಕೆಲಸಕ್ಕಿಂತ ನಿಲ್ಲಿಸಬೇಕಾದ ಕೆಲಸಗಳೇ ಹೆಚ್ಚು.

ಮೊದಲು ಗುರುತು ಹಿಡಿಯಿರಿ

ನವರಂಗ ನೆಲದ ಹಕ್ಕಿ. ತಂತಿಯ ಮೇಲೆ ಕೂತ ನೀಲಿ ಹಕ್ಕಿ ಕಂಡರೆ ಅದು ಮಿಂಚುಳ್ಳಿಯೋ ನೀಲಕಂಠವೋ ಇರಬೇಕು. ಗಿಡಗಳ ಬುಡದಲ್ಲಿ ತರಗೆಲೆ ಕೆದಕುತ್ತ, ಎರಡೂ ಕಾಲಿನಲ್ಲಿ ಕುಪ್ಪಳಿಸುತ್ತ ಹೋಗುವುದು ಇದು. ಬೆನ್ನು ಹಸಿರು, ಹೊಟ್ಟೆ ತಿಳಿಗಂದು, ಕತ್ತು ಬಿಳಿ. ಕಣ್ಣಿನ ಮೇಲೆ ಹಾಯುವ ಕಪ್ಪು ಪಟ್ಟಿ, ಅದರ ಮೇಲೆ ಬಿಳಿ ಹುಬ್ಬು. ರೆಕ್ಕೆಯ ಮೇಲೆ ಹೊಳೆಯುವ ನೀಲಿ ತುಣುಕು. ಬಾಲದ ಬುಡದಡಿ ಮಾತ್ರ ಕುಂಕುಮದಂಥ ಕೆಂಪು. ಬಾಲವೋ, ಕತ್ತರಿ ಹಾಕಿ ಮೊಟಕು ಮಾಡಿದಂತೆ. ಅದನ್ನು ಮೆಲ್ಲಗೆ ಮೇಲೆ ಕೆಳಗೆ ಆಡಿಸುತ್ತಿರುತ್ತದೆ. ಬೆದರಿ ಹಾರಿದಾಗ ರೆಕ್ಕೆಯಲ್ಲಿ ಬಿಳಿ ಮಚ್ಚೆ ಮಿಂಚುತ್ತದೆ.

ಗೊಂದಲವಾಗುವುದಾದರೆ ಕಿತ್ತಳೆ ತಲೆಯ ಥ್ರಶ್ ಹಕ್ಕಿಯೊಂದಿಗೆ ಆಗಬೇಕು. ಅದೂ ತರಗೆಲೆಯಲ್ಲೇ ಮೇಯುವಂಥದ್ದು. ಆದರೆ ಅದರ ತಲೆ, ಎದೆ ಕಿತ್ತಳೆ, ಬೆನ್ನು ಬೂದು, ಬಾಲ ಸಾಕಷ್ಟು ಉದ್ದ. ಒಮ್ಮೆ ಎರಡನ್ನೂ ಕಂಡವರು ಮತ್ತೆ ಎಡವುವುದಿಲ್ಲ.

ಕಣ್ಣಿಗಿಂತ ಕಿವಿಗೆ ಇದು ಬೇಗ ಸಿಗುತ್ತದೆ. ನಸುಕಿನಲ್ಲಿ, ಮುಸ್ಸಂಜೆಯಲ್ಲಿ, ಮೋಡ ಕವಿದಿದ್ದರೆ ಹಗಲಿನಲ್ಲೂ, ಎರಡು ಸ್ವರದ ಗಟ್ಟಿ ಸಿಳ್ಳೆ ಕೇಳುತ್ತದೆ. ಮೊದಲ ಸ್ವರ ಏರುತ್ತದೆ, ಎರಡನೆಯದು ಜಾರುತ್ತದೆ. ತಮಿಳರು ಇದನ್ನು ಆರು ಗಂಟೆಯ ಹಕ್ಕಿ ಎನ್ನುತ್ತಾರೆ. ಗಡಿಯಾರ ನೋಡಿಯೇ ಇಟ್ಟ ಹೆಸರು. ಕೂಗುವಾಗ ತಲೆ ಹಿಂದಕ್ಕೆಸೆದು ಕೊಕ್ಕನ್ನು ಆಕಾಶಕ್ಕೆ ಎತ್ತುತ್ತದೆ. ಮೊಬೈಲಿನ ಮರ್ಲಿನ್ ಆ್ಯಪ್‌ನಲ್ಲಿ ಇದರ ಕೂಗನ್ನು ಮೊದಲೇ ಒಳಗೆ ಕೂತು ಕೇಳಿಟ್ಟುಕೊಂಡರೆ ಸಾಕು, ಬಂದ ದಿನ ನಿಮಗೆ ಗೊತ್ತಾಗುತ್ತದೆ. ಆದರೆ ತೋಟದಲ್ಲಿ ನಿಂತು ಅದೇ ಕೂಗನ್ನು ಸ್ಪೀಕರಿನಲ್ಲಿ ಹಾಕಿ ಹಕ್ಕಿಯನ್ನು ಹೊರಗೆಳೆಯಬೇಡಿ. ತನ್ನ ಜಾಗಕ್ಕೆ ಬೇರೊಂದು ನವರಂಗ ನುಗ್ಗಿತೆಂದು ಅದು ಜಗಳಕ್ಕೆ ಓಡಿಬರುತ್ತದೆ. ದಣಿದ ಹಕ್ಕಿಗೆ ಆ ಓಡಾಟ ದುಬಾರಿ.

ಒಂದು ಮೂಲೆ ಗುಡಿಸದೆ ಬಿಡಿ

ನವರಂಗದ ಊಟವೆಲ್ಲ ತರಗೆಲೆಯ ಕೆಳಗಿದೆ: ಎರೆಹುಳು, ಗೆದ್ದಲು, ಇರುವೆ, ಜೀರುಂಡೆ, ಬಸವನಹುಳು. ಎಲೆ ಇಲ್ಲದಿದ್ದರೆ ತೇವ ಇಲ್ಲ, ತೇವ ಇಲ್ಲದಿದ್ದರೆ ಹುಳ ಇಲ್ಲ. ದಿನಾ ಗುಡಿಸಿ, ಗುಡ್ಡೆ ಹಾಕಿ, ಬೆಂಕಿ ಇಡುವ ಅಂಗಳದಲ್ಲಿ ಈ ಹಕ್ಕಿ ಅರ್ಧ ಗಂಟೆಯೂ ನಿಲ್ಲುವುದಿಲ್ಲ.

ಆದ್ದರಿಂದ ಸೆಪ್ಟೆಂಬರಿನಲ್ಲೇ ಹಿತ್ತಿಲ ಒಂದು ಮೂಲೆಯನ್ನು ಗುರುತಿಸಿಕೊಳ್ಳಿ. ಮಧ್ಯಾಹ್ನದ ಬಿಸಿಲು ಬೀಳದ, ಜನ ಅಡ್ಡಾಡದ, ಮಾವು, ಹಲಸು, ಹೊಂಗೆ, ಸೀಬೆ ಯಾವುದಾದರೂ ಮರದ ಬುಡವಾದರೆ ಒಳ್ಳೆಯದು. ಒಂದು ಚಾಪೆಯಗಲದ ಜಾಗವಿದ್ದರೂ ಶುರು ಮಾಡಬಹುದು. ಬೇರೆ ಕಡೆ ಗುಡಿಸಿದ ಎಲೆಯನ್ನೂ ಅಲ್ಲಿಗೇ ಸುರಿದು ನಾಲ್ಕು ಬೆರಳಿನಷ್ಟು ದಪ್ಪ ಹರಡಿ. ಮಳೆ ನಿಂತ ಮೇಲೆ ಎರಡು-ಮೂರು ದಿನಕ್ಕೊಮ್ಮೆ ಸಂಜೆ ನೀರು ಚಿಮುಕಿಸಿ. ಅಕ್ಕಪಕ್ಕ ದಾಸವಾಳ, ಆಡುಸೋಗೆ, ಕೇಪಳ, ಕರಿಬೇವಿನಂಥ ಪೊದೆಗಟ್ಟುವ ಗಿಡಗಳಿದ್ದರೆ ಅಡಗಲು ತಾವು ಸಿಗುತ್ತದೆ. ಅವುಗಳ ಕೆಳಕೊಂಬೆಗಳನ್ನು ಸವರಬೇಡಿ. ರಾತ್ರಿ ಹಕ್ಕಿ ನೆಲದಲ್ಲಿ ಮಲಗುವುದಿಲ್ಲ, ಕೊಂಬೆಯೇರುತ್ತದೆ.

ಆ ಮೂಲೆಗೆ ಕೀಟನಾಶಕ, ಕಳೆನಾಶಕ, ಬಸವನಹುಳು ಸಾಯಿಸುವ ಗುಳಿಗೆ ಯಾವುದೂ ಬೇಡ. ವಿಷ ತಿಂದ ಹುಳವನ್ನೇ ಹಕ್ಕಿ ತಿನ್ನುತ್ತದೆ.

‘ಎಲೆ ಬಿಟ್ಟರೆ ಹಾವು ಬರುತ್ತದೆ’ ಎಂದು ಮನೆಯ ಹಿರಿಯರು ಹೇಳಿಯೇ ಹೇಳುತ್ತಾರೆ, ಅದರಲ್ಲೂ ಮಲೆನಾಡಿನಲ್ಲಿ. ಆ ಮಾತನ್ನು ತಳ್ಳಿಹಾಕಬೇಡಿ. ಎಲೆಯ ಮೂಲೆ ಬಾಗಿಲಿಗೆ, ನಡೆದಾಡುವ ದಾರಿಗೆ ದೂರವಿರಲಿ. ಅಲ್ಲಿಗೆ ಅನ್ನ, ತರಕಾರಿ ಸಿಪ್ಪೆ ಹಾಕಬೇಡಿ. ಇಲಿ ಬಂದರೆ ಅದರ ಹಿಂದೆ ಹಾವು ಬರುತ್ತದೆ. ಎಲೆಯನ್ನು ಕೈಯಲ್ಲಿ ಮಗುಚದೆ ಕೋಲಿನಿಂದ ಸರಿಸಿ, ಕತ್ತಲಾದ ಮೇಲೆ ಟಾರ್ಚ್, ಚಪ್ಪಲಿ ಇಲ್ಲದೆ ಅತ್ತ ಹೋಗಬೇಡಿ. ಅಡಿಕೆ ತೋಟದವರು ಹೇಗೂ ಈ ಎಚ್ಚರದಲ್ಲೇ ಬದುಕುವವರು. ತೋಟಕ್ಕೆ ಹಾಸಿದ ಸೊಪ್ಪು, ದರಗಿನಲ್ಲಿ ನವರಂಗಕ್ಕೆ ಬೇಕಾದ್ದೆಲ್ಲ ಆಗಲೇ ಇದೆ.

ಅಪಾರ್ಟ್‌ಮೆಂಟಿನವರಿಗೆ ಕಷ್ಟ ಬೇರೆ. ಅಲ್ಲಿ ಮಾಲಿಗೆ ಎಲೆ ಕಂಡರೆ ಬೈಗುಳ ಖಾತ್ರಿ. ಅಸೋಸಿಯೇಷನ್ ಸಭೆಯಲ್ಲಿ ಕಾಂಪೌಂಡಿನ ಹಿಂದಿನ ಒಂದೇ ಪಟ್ಟೆಯನ್ನು ಅಕ್ಟೋಬರಿನಿಂದ ಮೇವರೆಗೆ ಗುಡಿಸದೆ ಬಿಡಿ ಎಂದು ಕೇಳಿ. ಇಡೀ ತೋಟ ಕೇಳಿದರೆ ಇಲ್ಲ ಎನ್ನುತ್ತಾರೆ, ಒಂದು ಪಟ್ಟೆ ಕೇಳಿದರೆ ಒಪ್ಪುತ್ತಾರೆ. ಮಾಲಿಗೆ ಹಕ್ಕಿಯ ಚಿತ್ರವನ್ನೂ ತೋರಿಸಿಬಿಡಿ. ಆಮೇಲೆ ಅದನ್ನು ಎಲ್ಲರಿಗಿಂತ ಮೊದಲು ಕಾಣುವುದು ಆತನೇ.

ನೀರು ಇಡಿ, ಕಾಳು ಬೇಡ

ಅಕ್ಕಿ, ನವಣೆ, ಬ್ರೆಡ್ಡು ಯಾವುದನ್ನೂ ನವರಂಗ ಮುಟ್ಟುವುದಿಲ್ಲ. ನೀವು ಚೆಲ್ಲಿದ ಕಾಳಿಗೆ ಬರುವುದು ಪಾರಿವಾಳ. ಫೋಟೊ ತೆಗೆಯಲು ಸಾಕಿದ ಹುಳಗಳನ್ನು ಬಟ್ಟಲಲ್ಲಿ ಸುರಿದು ಹಕ್ಕಿಯನ್ನು ಒಂದೇ ಜಾಗಕ್ಕೆ ಒಗ್ಗಿಸುವ ಚಾಳಿ ಇತ್ತೀಚೆಗೆ ಹೆಚ್ಚಿದೆ. ನನಗೆ ಅದು ಹಿಡಿಸದು. ದಿನಾ ಅದೇ ಬಟ್ಟಲಿಗೆ ಬರುವ ಹಕ್ಕಿಯನ್ನು ಬೆಕ್ಕೂ ಕಾದು ಕಲಿಯುತ್ತದೆ.

ನೀರು ಮಾತ್ರ ಇಡಿ. ಹೂಕುಂಡದ ಕೆಳಗಿಡುವ ಅಗಲವಾದ ಮಣ್ಣಿನ ತಟ್ಟೆ ಸಾಕು. ಒಂದೂವರೆ ಇಂಚಿಗಿಂತ ಹೆಚ್ಚು ನೀರು ಬೇಡ, ಕಾಲೂರಲು ನಡುವೆ ಒಂದು ಒರಟು ಕಲ್ಲಿರಲಿ. ಕಂಬದ ಮೇಲೆ ಎತ್ತಿಡುವುದಕ್ಕಿಂತ ನೆಲದಲ್ಲೇ ಇಡುವುದು ನವರಂಗಕ್ಕೆ ಅನುಕೂಲ. ಪೊದೆಗೆ ಒತ್ತಿಕೊಂಡು ಇಟ್ಟರೆ ಬೆಕ್ಕು ಹೊಂಚು ಹಾಕಲು ಮರೆ ಸಿಗುತ್ತದೆ. ಆರೇಳು ಅಡಿ ಬಯಲು ಬಿಡಿ. ನೀರನ್ನು ದಿನಾ ಬದಲಿಸಿ, ತಟ್ಟೆಯ ಅಂಚನ್ನು ತೆಂಗಿನ ನಾರಿನಿಂದ ತಿಕ್ಕಿ. ಡೆಂಗಿ ಹರಡುವ ಸೊಳ್ಳೆ ಮೊಟ್ಟೆ ಅಂಟಿಸುವುದು ಆ ಅಂಚಿಗೇ. ಬರೀ ನೀರು ಚೆಲ್ಲಿದರೆ ಮೊಟ್ಟೆ ಹೋಗುವುದಿಲ್ಲ.

ಗಾಜು, ದೀಪ, ಬೆಕ್ಕು

ಊರಿನೊಳಗೆ ನವರಂಗ ಸಾಯುವುದು ಹೆಚ್ಚಾಗಿ ಈ ಮೂರರಿಂದ. ಗಾಜಿನಲ್ಲಿ ಮರದ ನೆರಳು ಕಂಡು ಅದೇ ಮರವೆಂದು ನುಗ್ಗುತ್ತದೆ. ಗಿಡುಗನ ಚಿತ್ರದ ಒಂದು ಸ್ಟಿಕ್ಕರ್ ಅಂಟಿಸಿ ಸುಮ್ಮನಾಗುವವರಿದ್ದಾರೆ. ಹಕ್ಕಿ ಅದರ ಪಕ್ಕದಲ್ಲೇ ಬಂದು ಬಡಿಯುತ್ತದೆ. ಬೇಕಾದದ್ದು ಗಾಜಿನ ಹೊರಮೈ ತುಂಬ ಎರಡೆರಡು ಇಂಚಿಗೊಂದು ಚುಕ್ಕೆ ಅಥವಾ ಗೆರೆ. ಸೋಪಿನ ತುಂಡಿನಲ್ಲಿ ಎಳೆದರೂ ಆದೀತು, ಮಳೆ ಬಂದರೆ ಮತ್ತೆ ಎಳೆಯಬೇಕು ಅಷ್ಟೆ. ಇನ್ನೂ ಸುಲಭವೆಂದರೆ ಸೊಳ್ಳೆಜಾಲರಿಯನ್ನು ಕಿಟಕಿಯ ಹೊರಗಡೆಗೆ ಹಾಕಿಸುವುದು. ಪ್ರತಿಬಿಂಬವೂ ಮಸುಕಾಗುತ್ತದೆ, ಬಡಿದರೂ ಪೆಟ್ಟು ಕಡಿಮೆ. ಬಾಲ್ಕನಿಗೆ ಪೂರ್ತಿ ಗಾಜಿನ ಕಟಕಟೆ ಮಾಡಿಸಿದವರು ಮೊದಲು ಅದಕ್ಕೆ ಗೆರೆ ಎಳೆಯಲಿ.

ರಾತ್ರಿ ಹಾರುವ ಹಕ್ಕಿಗೆ ಪ್ರಖರ ದೀಪ ದಾರಿ ತಪ್ಪಿಸುತ್ತದೆ. ಅಕ್ಟೋಬರ್-ನವೆಂಬರ್, ಮತ್ತೆ ಏಪ್ರಿಲ್-ಮೇ ತಿಂಗಳಲ್ಲಿ ಮಲಗುವ ಮುಂಚೆ ತಾರಸಿಯ, ತೋಟದ ಅಲಂಕಾರದ ದೀಪಗಳನ್ನು ಆರಿಸಿ. ಗೇಟಿನದು ಬೇಕೇ ಬೇಕೆಂದರೆ ಬೆಳಕು ನೆಲಕ್ಕೆ ಬೀಳುವಂತೆ ತಿರುಗಿಸಿ. ಬೆಕ್ಕು ನಿಮ್ಮದೇ ಆದರೆ ನಸುಕು ಮುಸ್ಸಂಜೆ ಹೊರಗೆ ಬಿಡಬೇಡಿ. ಬೀದಿಬೆಕ್ಕಿಗೆ ಹೇಳುವವರು ಯಾರು?

ನೋಡುವ ಬಗೆ

ಬೆಳಿಗ್ಗೆ ಆರರಿಂದ ಎಂಟು, ಸಂಜೆ ನಾಲ್ಕೂವರೆಯ ನಂತರ ಒಳ್ಳೆಯ ಹೊತ್ತು. ಹೊರಗೆ ಹೋಗಬೇಡಿ. ಒಳಗಿನ ದೀಪ ಆರಿಸಿ, ಕಿಟಕಿಯಿಂದ ಎರಡು ಹೆಜ್ಜೆ ಹಿಂದೆ ಕುರ್ಚಿ ಹಾಕಿ ಕೂತರೆ ಹಕ್ಕಿಗೆ ನೀವು ಕಾಣುವುದಿಲ್ಲ. ಕಾಫಿ ಲೋಟ ಕೈಯಲ್ಲಿರಲಿ, ಅಡ್ಡಿಯಿಲ್ಲ, ಮಾತು ಬೇಡ. ದುರ್ಬೀನು ಕೊಳ್ಳುವುದಾದರೆ 8×42 ಆರಿಸಿ, ಹತ್ತಿರದ ವಸ್ತು ಸ್ಪಷ್ಟವಾಗಿ ಕಾಣುತ್ತದೆಯೇ ಎಂದು ಅಂಗಡಿಯಲ್ಲೇ ನೋಡಿ. ಹಕ್ಕಿ ಹತ್ತು ಅಡಿಯೊಳಗೂ ಬರಬಹುದು.

ಮೊದಲ ಸಲ ಎಲೆ ಎಗರುವುದಷ್ಟೇ ಕಾಣುತ್ತದೆ. ಎಲೆಯನ್ನು ಕೊಕ್ಕಿನಿಂದ ಎತ್ತಿ ಪಕ್ಕಕ್ಕೆಸೆದು, ನಿಂತು, ಮತ್ತೆ ನಾಲ್ಕು ಸಲ ಕುಪ್ಪಳಿಸುತ್ತದೆ. ಅದು ಓಡಾಡುವಾಗ ಕ್ಯಾಮೆರಾ ಎತ್ತಬೇಡಿ, ಕೆದಕುವುದರಲ್ಲಿ ಮುಳುಗಿದಾಗ ಎತ್ತಿ. ಫ್ಲ್ಯಾಶ್ ಬೇಡ. ಫೋಟೊ ಸಿಕ್ಕಿತೆಂದು ಮನೆಯ ವಿಳಾಸ ಸಮೇತ ಎಲ್ಲರಿಗೂ ಹಂಚಿದರೆ ಮರುದಿನ ಬೆಳಿಗ್ಗೆ ಗೇಟಿನ ಮುಂದೆ ಲೆನ್ಸುಗಳ ಸಾಲು ನಿಂತಿರುತ್ತದೆ. ನೆರೆಮನೆಯ ಮಕ್ಕಳನ್ನು ಕರೆದು ತೋರಿಸಿ. ಅದರಲ್ಲಿ ಸಿಗುವ ಖುಷಿಯೇ ಬೇರೆ.

ಬಿದ್ದು ಸಿಕ್ಕರೆ

ಗಾಜಿಗೆ ಬಡಿದು ಬಿದ್ದ ಅಥವಾ ಬಳಲಿ ಮುದುರಿದ ಹಕ್ಕಿ ಸಿಕ್ಕಾಗ ಎಲ್ಲರೂ ಮೊದಲು ಮಾಡುವುದು ಬಾಯಿಗೆ ನೀರು ಬಿಡುವುದು. ಅದು ಅಪಾಯ. ನೀರು ಶ್ವಾಸನಾಳಕ್ಕೆ ಇಳಿದು ಹಕ್ಕಿ ಅಲ್ಲೇ ಸಾಯಬಹುದು.

ಒಂದು ಚಪ್ಪಲಿ ಡಬ್ಬಿ ತೆಗೆದುಕೊಂಡು ಮುಚ್ಚಳಕ್ಕೆ ನಾಲ್ಕಾರು ತೂತು ಮಾಡಿ, ಒಳಗೆ ಹತ್ತಿ ಬಟ್ಟೆ ಹಾಸಿ. ಹಕ್ಕಿಯ ಮೇಲೆ ಇನ್ನೊಂದು ತೆಳು ಬಟ್ಟೆ ಹಾಕಿ, ರೆಕ್ಕೆ ಮಡಿಸಿದಂತೆಯೇ ಎರಡೂ ಕೈಯಲ್ಲಿ ಹಗುರಾಗಿ ಎತ್ತಿ ಒಳಗಿಟ್ಟು ಮುಚ್ಚಿ. ಎದೆ ಹಿಸುಕಬೇಡಿ, ಹಿಸುಕಿದರೆ ಉಸಿರಾಡಲಾಗದು. ಡಬ್ಬಿಯನ್ನು ಫ್ಯಾನು, ಟಿ.ವಿ., ನಾಯಿ, ಮಕ್ಕಳಿಂದ ದೂರ, ಕತ್ತಲೆ ಕೋಣೆಯಲ್ಲಿಡಿ. ಅನ್ನ ಬೇಡ, ನೀರು ಬೇಡ, ಪದೇ ಪದೇ ತೆರೆದು ನೋಡುವುದೂ ಬೇಡ. ಒಂದು ಗಂಟೆಯ ಮೇಲೆ ಹೊರಗೆ ಪೊದೆಯ ಹತ್ತಿರ ಒಯ್ದು ಮುಚ್ಚಳ ತೆಗೆಯಿರಿ. ಸರಿಹೋಗಿದ್ದರೆ ತಾನೇ ಹಾರುತ್ತದೆ. ಗಾಳಿಗೆ ಎಸೆದು ಹಾರಿಸಬೇಡಿ. ರಾತ್ರಿ ಸಿಕ್ಕಿದ್ದಾದರೆ ಬೆಳಕು ಹರಿಯುವವರೆಗೆ ಡಬ್ಬಿಯಲ್ಲೇ ಇರಲಿ.

ಹಾರದಿದ್ದರೆ, ರೆಕ್ಕೆ ಜೋತಿದ್ದರೆ, ರಕ್ತ ಕಂಡರೆ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಕರೆ ಮಾಡಿ. ಬೆಂಗಳೂರಿನಲ್ಲಿ ಕೆಂಗೇರಿಯ ಪೀಪಲ್ ಫಾರ್ ಅನಿಮಲ್ಸ್ ವನ್ಯಜೀವಿ ಆಸ್ಪತ್ರೆಯಿದೆ. ಬೆಕ್ಕು ಕಚ್ಚಿದ ಹಕ್ಕಿ ನೋಡಲು ಚೆನ್ನಾಗಿದ್ದರೂ ವೈದ್ಯರ ಬಳಿ ಒಯ್ಯಲೇಬೇಕು. ಬೆಕ್ಕಿನ ಜೊಲ್ಲಿನ ಸೋಂಕು ಒಂದೆರಡು ದಿನದಲ್ಲೇ ಕೊಲ್ಲುತ್ತದೆ. ಮನೆಯಲ್ಲೇ ಸಾಕಿಕೊಳ್ಳೋಣ ಎಂದು ಮಗು ಅತ್ತೀತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅದು ಅಪರಾಧ. ಅದಕ್ಕಿಂತ ಮೊದಲು, ಹುಳ ತಿನ್ನುವ ಈ ಹಕ್ಕಿ ಪಂಜರದಲ್ಲಿ ಬದುಕುವುದು ತೀರಾ ಕಷ್ಟ.

ಬಂದ ದಿನ ಬರೆದಿಡಿ

‘ನಮ್ಮ ನವರಂಗ ಈ ವರ್ಷವೂ ಬಂತು’ ಎನ್ನುವ ಮನೆಗಳಿವೆ. ಅದೇ ಹಕ್ಕಿಯೋ ಬೇರೆಯದೋ, ಕಾಲಿಗೆ ಉಂಗುರ ತೊಡಿಸದೆ ಹೇಳಲಾಗದು. ತಾರೀಖು ಮಾತ್ರ ನಿಮ್ಮ ಕೈಯಲ್ಲಿದೆ. ಮೊದಲು ಕಂಡ ಅಥವಾ ಕೇಳಿದ ದಿನ, ಹೊತ್ತು, ಹಿಂದಿನ ರಾತ್ರಿಯ ಮಳೆ-ಗಾಳಿ, ಕೊನೆಯ ಸಲ ಕಂಡ ದಿನ ಇಷ್ಟನ್ನು ಕ್ಯಾಲೆಂಡರಿನ ಮೇಲೆ ಗೀಚಿದರೂ ಸಾಕು. ನಮ್ಮ ದೇಶದಲ್ಲಿ ವಲಸೆ ಹಕ್ಕಿ ಬಂದುಹೋಗುವ ದಿನಗಳನ್ನು ಜನಸಾಮಾನ್ಯರಿಂದಲೇ ಕಲೆಹಾಕಲು 2007ರಲ್ಲಿ ಮೈಗ್ರಂಟ್‌ವಾಚ್ ಶುರುವಾಯಿತು. ಈಗ ಆ ಕೆಲಸ ಇ-ಬರ್ಡ್‌ನಲ್ಲಿ ನಡೆಯುತ್ತದೆ. ಉಚಿತ ಆ್ಯಪ್, ಹದಿನೈದು ನಿಮಿಷ ಕಿಟಕಿಯ ಬಳಿ ಕೂತು ಕಂಡ ಹಕ್ಕಿಗಳನ್ನೆಲ್ಲ ಸೇರಿಸಿದರೆ ಒಂದು ಪಟ್ಟಿ ಆಯಿತು. ಕಾಗೆ, ಪಿಕಳಾರ, ಮಡಿವಾಳ ಹಕ್ಕಿ ಯಾವುದನ್ನೂ ಬಿಡಬೇಡಿ. ಅಕ್ಟೋಬರಿನಲ್ಲಿ ಕೂತು ನೋಡಿಯೂ ನವರಂಗ ಕಾಣದ ದಿನಗಳ ಪಟ್ಟಿಯನ್ನೂ ಕಳಿಸಿ. ಇಲ್ಲಿ ನೋಡಿದವರಿದ್ದರು, ಆದರೂ ಹಕ್ಕಿ ಇರಲಿಲ್ಲ ಎಂಬುದು ಲೆಕ್ಕ ಹಾಕುವವರಿಗೆ ಗೊತ್ತಾಗುವುದು ಆ ಪಟ್ಟಿಗಳಿಂದಲೇ.